ಬೆಳ್ಳುಳ್ಳಿ, ಹೃದ್ರೋಗ ಮತ್ತು ಶ್ರಾವಕನ ನಿಯಮ

ನಮ್ಮ ಸಮಾಜದಲ್ಲಿ ಹೃದ್ರೋಗದ ಭಯವು ಹೆಚ್ಚುತ್ತ ಬಂದಂತೆಲ್ಲ ಅದರೊಡನೆ ಒಂದು ಪ್ರಶ್ನೆಯೂ ಹೆಚ್ಚಾಗಿ ಕೇಳಿಬರುತ್ತಿದೆ. “ಬೆಳ್ಳುಳ್ಳಿಯು ಹೃದಯಕ್ಕೆ ಹಿತಕರವೆಂದು ಲೋಕವೆಲ್ಲ ಹೇಳುತ್ತದೆ. ನಾವು ಅದನ್ನು ರುಚಿಗಾಗಿ ತಿನ್ನುವುದಿಲ್ಲ. ಆದರೆ ಔಷಧವೆಂದು ದಿನಕ್ಕೆ ಒಂದೆರಡು ಎಸಳು ಸೇವಿಸಿದರೆ ಬಾಧಕವೇನು?” ಎಂಬುದೇ ಆ ಪ್ರಶ್ನೆ. ಕೇಳುವವರು ನಾಸ್ತಿಕರಲ್ಲ, ಧರ್ಮದಲ್ಲಿ ಉದಾಸೀನರೂ ಅಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುವವರು, ದಶಲಕ್ಷಣ ಪರ್ವದಲ್ಲಿ ಉಪವಾಸ ನಡೆಸುವವರು, ಅಂತಹವರೇ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಪ್ರಶ್ನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಾವನವರಿಗೆ ಆಜನ್ಮ ನಿಯಮವಿದೆ. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆಯೆಂದು ವೈದ್ಯರು ಹೇಳಿದ್ದಾರೆ. ಅವರಿಗೆ ತಿಳಿಯದಂತೆ ಚಟ್ನಿಯಲ್ಲಿ ಅರೆದು ಹಾಕಿದರೆ ಪ್ರಾಣ ಉಳಿದೀತಲ್ಲ ಎಂದು ಮಗನೂ ಸೊಸೆಯೂ ಯೋಚಿಸುತ್ತಾರೆ. ಪ್ರೀತಿಯಿಂದಲೇ ಹುಟ್ಟಿದ ಯೋಚನೆ ಅದು. ಆದುದರಿಂದ ಸಿಡುಕಿನಿಂದ ಉತ್ತರ ಕೊಡುವಂತಿಲ್ಲ.

ಇಲ್ಲಿ ಎರಡು ವಿಷಯಗಳು ಒಂದರೊಡನೊಂದು ಹೆಣೆದುಕೊಂಡಿವೆ. ಶಾಸ್ತ್ರವು ಏಕೆ ಬೇಡವೆನ್ನುತ್ತದೆ ಎಂಬುದು ಒಂದು. ಬೆಳ್ಳುಳ್ಳಿಯಿಂದ ಹೃದಯಕ್ಕೆ ನಿಜವಾಗಿ ಎಷ್ಟು ಪ್ರಯೋಜನವಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಬಲ್ಲ ಪಂಡಿತರು ಎರಡನೆಯದನ್ನು ವಿಚಾರಿಸುವುದಿಲ್ಲ. ಎರಡನೆಯದನ್ನು ಪತ್ರಿಕೆಗಳಲ್ಲಿ ಓದಿದ ತರುಣರು ಮೊದಲನೆಯದನ್ನು ತಿಳಿಯುವ ಗೋಜಿಗೆ ಹೋಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಗೃಹಸ್ಥನಿಗೆ ದಾರಿ ಕಾಣುತ್ತದೆ.

ಶಾಸ್ತ್ರವಿಚಾರ

ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ, ಫಲವು ಅಲ್ಪವಾಗಿದ್ದು ಜೀವಘಾತವು ಬಹಳವಾಗಿರುವ ವಸ್ತುಗಳನ್ನು ಬಿಡಬೇಕೆಂದು ಹೇಳಿದ್ದಾರೆ. ಅಲ್ಲಿ ಅವರು ಹೆಸರಿಸಿರುವುದು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳನ್ನು. ಬೆಳ್ಳುಳ್ಳಿಯ ಹೆಸರು ಆ ಶ್ಲೋಕದಲ್ಲಿ ಇಲ್ಲ. ಇದನ್ನು ಕಂಡ ಕೆಲವು ವಿದ್ಯಾವಂತರು “ಹಾಗಾದರೆ ನಿಷೇಧವೆಲ್ಲಿದೆ?” ಎಂದು ಕೇಳುವುದುಂಟು. ಹೆಸರುಗಳು ಉದಾಹರಣೆಗಳು ಮಾತ್ರ; ಲಕ್ಷಣವೇ ಮುಖ್ಯ. ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಇದೇ ವ್ರತದ ಪ್ರಸಂಗದಲ್ಲಿ ಶುಂಠಿ ಮೂಲಂಗಿಗಳನ್ನು ಹೇಳಿ ‘ಆದಿ’ ಶಬ್ದವನ್ನು ಸೇರಿಸಿದ್ದಾರೆ. ಅವು ಅನೇಕ ಜಂತುಗಳಿಗೆ ಯೋನಿಸ್ಥಾನವಾಗಿರುವುದರಿಂದಲೂ ಅನಂತಕಾಯವೆಂಬ ಹೆಸರಿಗೆ ತಕ್ಕವಾಗಿರುವುದರಿಂದಲೂ ಪರಿಹಾರ್ಯವೆಂದು ಕಾರಣವನ್ನೂ ಕೊಟ್ಟಿದ್ದಾರೆ. ಕಾರಣ ಹೇಳಿದ ಮೇಲೆ ಪಟ್ಟಿಯನ್ನು ಉದ್ದ ಮಾಡುವ ಅಗತ್ಯವಿಲ್ಲ. ಶಾಲೆಯಲ್ಲಿ ಸೂತ್ರ ಕಲಿಸಿದ ಮೇಲೆ ಪ್ರತಿಯೊಂದು ಲೆಕ್ಕವನ್ನೂ ಗುರುವೇ ಮಾಡಿ ತೋರಿಸುವುದಿಲ್ಲವಷ್ಟೆ.

ಆ ಲಕ್ಷಣವಾದರೂ ಯಾವುದು? ಅದನ್ನು ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿ ನೋಡಬೇಕು. ಚಾವುಂಡರಾಯನ ಕಾಲದ ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನೆಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿ ವನಸ್ಪತಿಗಳನ್ನು ಪ್ರತ್ಯೇಕವೆಂದೂ ಸಾಧಾರಣವೆಂದೂ ವಿಭಾಗಿಸಿದೆ. ಪ್ರತ್ಯೇಕದಲ್ಲಿ ಒಂದು ಶರೀರಕ್ಕೆ ಒಂದು ಜೀವವೇ ಸ್ವಾಮಿ. ಸಾಧಾರಣದಲ್ಲಿ ಒಂದೇ ಶರೀರದಲ್ಲಿ ಅನಂತ ನಿಗೋದಜೀವಗಳಿದ್ದು, ಅವುಗಳ ಆಹಾರ, ಉಚ್ಛ್ವಾಸ, ಜನನ, ಮರಣ ಎಲ್ಲವೂ ಒಟ್ಟಾಗಿ ನಡೆಯುತ್ತವೆ. ಒಂದರ ಘಾತವೆಂದರೆ ಅನಂತದ ಘಾತ. ಕಂದಗಳು ಸೂಕ್ಷ್ಮವಾಗಿ ಹೇಳುವುದಾದರೆ ಸಪ್ರತಿಷ್ಠಿತ ಪ್ರತ್ಯೇಕಗಳು, ಅಂದರೆ ನಿಗೋದಜೀವಗಳಿಗೆ ಆಶ್ರಯವಾದುವು. ವ್ಯವಹಾರದಲ್ಲಿ ಅವನ್ನೂ ಸಾಧಾರಣವೆಂದೇ ಕರೆಯುವುದು ರೂಢಿ. ಇವುಗಳ ಗುರುತುಗಳಾಗಿ ನರ, ಸಂಧಿ, ಗಿಣ್ಣುಗಳು ಕಾಣದಿರುವುದು, ಮುರಿದರೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಬೆಳೆಯುವುದು ಇತ್ಯಾದಿಗಳನ್ನು ಹೇಳಿದೆ.

ಈ ಕೊನೆಯ ಲಕ್ಷಣವನ್ನು ಬೆಳ್ಳುಳ್ಳಿಯಲ್ಲಿ ಯಾರು ಬೇಕಾದರೂ ನೋಡಬಹುದು. ರೈತನು ಬೆಳ್ಳುಳ್ಳಿಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಗೆಡ್ಡೆಯನ್ನು ಬಿಡಿಸಿ ಎಸಳುಗಳನ್ನೇ ಊರುತ್ತಾನೆ. ಒಂದೊಂದು ಎಸಳೂ ಒಂದೊಂದು ಗೆಡ್ಡೆಯಾಗುತ್ತದೆ. ಅಡಿಗೆಮನೆಯ ಬುಟ್ಟಿಯಲ್ಲಿ ಮಣ್ಣೂ ನೀರೂ ಇಲ್ಲದೆಯೂ ಅದು ಮೊಳೆಯುತ್ತದೆ. ಸಸ್ಯಶಾಸ್ತ್ರ ಓದಿದ ಹುಡುಗನೊಬ್ಬನು “ಬೆಳ್ಳುಳ್ಳಿಯು ಬೇರೇ ಅಲ್ಲ, ಎಲೆಯ ಬುಡಗಳಿಂದ ಆದದ್ದು, ಅದಕ್ಕೆ ಕಂದಮೂಲವೆನ್ನುವುದು ತಪ್ಪು” ಎಂದು ವಾದಿಸಬಹುದು. ಅವನು ಹೇಳುವ ಸಸ್ಯಶಾಸ್ತ್ರ ಸರಿಯಾದುದೇ. ಆದರೆ ಆಗಮವು ಬೇರೋ ಎಲೆಯೋ ಎಂದು ನೋಡಿ ನಿಷೇಧಿಸಿಲ್ಲ. ಅದೇ ಗ್ರಂಥವು ಚಿಗುರು, ಎಳೆಯ ತೊಗಟೆ ಮೊದಲಾದುವುಗಳಲ್ಲಿಯೂ ಇವೇ ಲಕ್ಷಣಗಳನ್ನು ಪರೀಕ್ಷಿಸಲು ಹೇಳುತ್ತದೆ.

ಪ್ರಸಂಗವಶಾತ್ ಒಂದು ಮಾತು. ಹೃದಯದ ವಿಷಯ ಬಂದಿರುವುದರಿಂದ ಹೇಳುತ್ತೇನೆ. ನಮ್ಮ ಶಾಸ್ತ್ರಗಳಲ್ಲಿ ಒಂದು ಮುಹೂರ್ತಕ್ಕೆ 3773 ಉಚ್ಛ್ವಾಸಗಳೆಂದು ಗಣನೆಯಿದೆ. ಅದು ನಿರೋಗಿಯಾದ, ನಿಶ್ಚಿಂತನಾದ ಮನುಷ್ಯನ ಉಚ್ಛ್ವಾಸ. ಮುಹೂರ್ತವೆಂದರೆ 48 ನಿಮಿಷ. ಭಾಗಿಸಿ ನೋಡಿದರೆ ನಿಮಿಷಕ್ಕೆ 78ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮೂಗಿನ ಉಸಿರಾಟವು ಅಷ್ಟು ವೇಗವಾಗಿರುವುದಿಲ್ಲ. ಆದುದರಿಂದ ಪಂಡಿತರು ಇದನ್ನು ನಾಡಿಯ ಬಡಿತವೆಂದು ಅರ್ಥಮಾಡುತ್ತಾರೆ. ಇಂದಿನ ವೈದ್ಯರು ಆರೋಗ್ಯವಂತನ ನಾಡಿಯು 60ರಿಂದ 100ರೊಳಗೆ ಇರಬೇಕೆನ್ನುತ್ತಾರೆ. ಇದರಿಂದ ಏನನ್ನೂ ಸಾಧಿಸಬೇಕೆಂದು ಹೇಳಿದುದಲ್ಲ. ಮಕ್ಕಳಿಗೆ ಲೆಕ್ಕ ಮಾಡಿ ತೋರಿಸಲು ಚೆನ್ನಾಗಿದೆ.

ವೈದ್ಯವಿಚಾರ

ಬೆಳ್ಳುಳ್ಳಿಗೆ ಔಷಧಗುಣವಿಲ್ಲವೆಂದು ಹೇಳಿ ನಮ್ಮ ಪಕ್ಷವನ್ನು ಗೆಲ್ಲಿಸಿಕೊಳ್ಳುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ವೈದಿಕ ಪರಂಪರೆಯ ಆಯುರ್ವೇದದಲ್ಲಿ ಲಶುನಕ್ಕೆ ದೊಡ್ಡ ಸ್ಥಾನವಿದೆ. ಕಾಶ್ಯಪಸಂಹಿತೆಯಲ್ಲಿ ಲಶುನಕಲ್ಪವೆಂಬ ಪ್ರಕರಣವೇ ಇದೆ. ಮಧ್ಯ ಏಷ್ಯದ ಕುಚಾ ಪ್ರದೇಶದಲ್ಲಿ 1890ರಲ್ಲಿ ದೊರೆತ ಬಾವರ್ ಹಸ್ತಪ್ರತಿಯ ಮೊದಲ ಭಾಗವೂ ಬೆಳ್ಳುಳ್ಳಿಯ ಪ್ರಶಂಸೆಯಿಂದಲೇ ಆರಂಭವಾಗುತ್ತದೆ. ಆಧುನಿಕರೂ ಅದನ್ನು ಶೋಧಿಸಿದ್ದಾರೆ. ಇಡೀ ಎಸಳಿಗೆ ಅಷ್ಟಾಗಿ ವಾಸನೆಯಿಲ್ಲ. ಜಜ್ಜಿದೊಡನೆ ಅದರಲ್ಲಿರುವ ಅಲಿನ್ ಎಂಬ ಗಂಧಕಯುಕ್ತ ವಸ್ತುವು ಒಂದು ಕಿಣ್ವದ ಸಂಪರ್ಕದಿಂದ ಅಲಿಸಿನ್ ಎಂಬುದಾಗಿ ಮಾರ್ಪಡುತ್ತದೆ; ಘಾಟು ಅದರದೇ. ಅಮೆರಿಕದ ರಸಾಯನಶಾಸ್ತ್ರಜ್ಞರು 1944ರಲ್ಲಿ ಇದನ್ನು ಪ್ರತ್ಯೇಕಿಸಿದರು. ಅದರಿಂದ ಹುಟ್ಟುವ ಇತರ ಕೆಲವು ವಸ್ತುಗಳು ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತವೆ. ಇವೆಲ್ಲ ಪರೀಕ್ಷಿತವಾದ ಸಂಗತಿಗಳು.

ಇನ್ನು ನಮ್ಮವರು ವಿಶೇಷವಾಗಿ ತಿಳಿಯಬೇಕಾದ ಒಂದು ಅಧ್ಯಯನವಿದೆ. ಅದು ನಡೆದುದು ಜೈನರ ಮೇಲೆಯೇ. ವೈದ್ಯ ಸಾಯಿನಾನಿಯವರೂ ಅವರ ಸಂಗಡಿಗರೂ ಜೈನ ಸಮಾಜದ ಜನರನ್ನು ಮೂರು ಗುಂಪುಗಳಾಗಿ ತೆಗೆದುಕೊಂಡು ರಕ್ತಪರೀಕ್ಷೆ ಮಾಡಿ, 1979ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಎಂಬ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯ ಗುಂಪಿನವರು ವಾರಕ್ಕೆ 50 ಗ್ರಾಮಿನಷ್ಟು ಬೆಳ್ಳುಳ್ಳಿ ಮತ್ತು 600 ಗ್ರಾಮಿನಷ್ಟು ಈರುಳ್ಳಿ ತಿನ್ನುವವರು. ಎರಡನೆಯವರು ವಾರಕ್ಕೆ 10 ಗ್ರಾಂ ಬೆಳ್ಳುಳ್ಳಿ, 200 ಗ್ರಾಂ ಈರುಳ್ಳಿಯ ಮಿತಿಯಲ್ಲಿ ತಿನ್ನುವವರು. ಮೂರನೆಯವರು ಎರಡನ್ನೂ ಎಂದೂ ಮುಟ್ಟದವರು. ಉಳಿದ ಆಹಾರ ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ರಕ್ತದ ಕೊಲೆಸ್ಟರಾಲು ಸರಾಸರಿಯಲ್ಲಿ ಮೊದಲನೆಯವರಿಗೆ 159, ಎರಡನೆಯವರಿಗೆ 172, ಮೂರನೆಯವರಿಗೆ 208 ಮಿಲಿಗ್ರಾಂ ಇದ್ದಿತು. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕ್ರಮವಾಗಿ 52, 75, 109.

ವ್ರತನಿಷ್ಠರಾದವರಿಗೆ ಇದನ್ನು ಓದಿ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ನಿಯಮವನ್ನು ಪಾಲಿಸಿದವರ ರಕ್ತದಲ್ಲಿಯೇ ಕೊಬ್ಬು ಹೆಚ್ಚಾಗಿದ್ದಿತಲ್ಲ! ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಇಂದು ತರುಣರಿಗೆ ಎಲ್ಲವೂ ಸಿಕ್ಕುತ್ತದೆ, ನಾವು ಹೇಳದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ಮುಚ್ಚಿಡುವ ಬದಲು ಅದನ್ನು ಸರಿಯಾಗಿ ಓದಬೇಕು.

ಮೊದಲನೆಯದಾಗಿ, ಈ ಅಂಕಿಗಳು ಬೆಳ್ಳುಳ್ಳಿಯೊಂದರವಲ್ಲ. ಈರುಳ್ಳಿಯೂ ಜೊತೆಗಿದೆ; ತೂಕದಲ್ಲಿ ನೋಡಿದರೆ ಬೆಳ್ಳುಳ್ಳಿಗಿಂತ ಹನ್ನೆರಡು ಪಟ್ಟು. ಎರಡನೆಯದಾಗಿ, ಅಲ್ಲಿ ಯಾರಿಗೂ ಬೆಳ್ಳುಳ್ಳಿಯನ್ನು ಕೊಟ್ಟು ಪರೀಕ್ಷಿಸಲಿಲ್ಲ. ತಿನ್ನುವವರು ಇವರು, ತಿನ್ನದವರು ಇವರು ಎಂದು ಇದ್ದಂತೆ ವಿಂಗಡಿಸಿ ನೋಡಿದುದು. ತಿನ್ನುವ ಜೈನನಿಗೂ ತಿನ್ನದ ಜೈನನಿಗೂ ನಡುವೆ ಅದೊಂದೇ ವ್ಯತ್ಯಾಸವೆಂದು ಹೇಳಲಾಗದು. ಒಬ್ಬನು ಹೊಲದಲ್ಲಿ ದುಡಿಯುವವನಾಗಿರಬಹುದು, ಇನ್ನೊಬ್ಬನು ಅಂಗಡಿಯ ಗದ್ದುಗೆಯಲ್ಲಿ ಕುಳಿತಿರುವವನಾಗಿರಬಹುದು. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗರಿಗೆ ಅಂಕ ಹೆಚ್ಚು ಬಂದರೆ ಬೆಂಚಿನಿಂದಲೇ ಅಂಕ ಬಂದಿತೆಂದು ಹೇಳಿದಂತಾಗಬಾರದು. ಕಾರಣವನ್ನು ನಿಶ್ಚಯಿಸಬೇಕಾದರೆ ಸಮಾನರಾದ ಜನರನ್ನು ಚೀಟಿಯೆತ್ತಿದಂತೆ ಗುಂಪು ಮಾಡಿ, ಒಂದು ಗುಂಪಿಗೆ ವಸ್ತುವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಔಷಧವನ್ನೂ ಕೊಟ್ಟು ನೋಡಬೇಕು.

ಅಂತಹ ಪರೀಕ್ಷೆಯೂ ಅನಂತರ ನಡೆದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾರ್ಡ್‌ನರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 192 ಜನರಿದ್ದರು. ಎಲ್ಲರಿಗೂ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲು ಮಿತವಾಗಿ ಹೆಚ್ಚಾಗಿದ್ದಿತು. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿ, ಒಂದಕ್ಕೆ ಅದರ ಪುಡಿಯ ಗುಳಿಗೆ, ಒಂದಕ್ಕೆ ಹಳತು ಮಾಡಿದ ಸಾರ, ನಾಲ್ಕನೆಯದಕ್ಕೆ ಹುಸಿ ಔಷಧ. ಪ್ರಮಾಣವು ದಿನಕ್ಕೆ ಸುಮಾರು 4 ಗ್ರಾಮಿನ ಒಂದು ದೊಡ್ಡ ಎಸಳಿಗೆ ಸಮಾನ. ವಾರಕ್ಕೆ ಆರು ದಿನ, ಆರು ತಿಂಗಳ ಕಾಲ. ಕೊನೆಗೆ ನೋಡಿದರೆ ಮೂರು ಬಗೆಯ ಬೆಳ್ಳುಳ್ಳಿಯಲ್ಲಿ ಯಾವುದೂ ಎಲ್‌ಡಿಎಲ್ ಅನ್ನು ಗಣನೀಯವಾಗಿ ತಗ್ಗಿಸಿರಲಿಲ್ಲ.

ಇದೊಂದನ್ನೇ ಹಿಡಿದು ಜಯಘೋಷ ಮಾಡಬೇಕಾಗಿಲ್ಲ. ಬೇರೆ ಬೇರೆ ಪ್ರಯೋಗಗಳನ್ನು ಕೂಡಿಸಿ ನೋಡಿದವರು, ಕೊಲೆಸ್ಟರಾಲು ಹೆಚ್ಚಿರುವವರಲ್ಲಿ ಅಲ್ಪ ಇಳಿಕೆಯನ್ನೂ ರಕ್ತದೊತ್ತಡ ಹೆಚ್ಚಿರುವವರಲ್ಲಿ ಸ್ವಲ್ಪ ಇಳಿಕೆಯನ್ನೂ ಕಂಡಿದ್ದಾರೆ. ಆದುದರಿಂದ ನ್ಯಾಯವಾಗಿ ಹೇಳಬೇಕಾದ ಮಾತು ಇಷ್ಟು: ಬೆಳ್ಳುಳ್ಳಿಗೆ ಗುಣವುಂಟು, ಆದರೆ ಅದು ಅಲ್ಪ. ಅದನ್ನು ತಿಂದುದರಿಂದ ಹೃದಯಾಘಾತವು ತಪ್ಪುತ್ತದೆಂದು ಸಿದ್ಧವಾಗಿಲ್ಲ. ಇದಕ್ಕೆ ಪ್ರತಿಯಾಗಿ ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ವರ್ಗದ ಮಾತ್ರೆಗಳು ಎಲ್‌ಡಿಎಲ್ ಅನ್ನು ಶೇಕಡಾ 30ರಿಂದ 50ರವರೆಗೆ ತಗ್ಗಿಸುತ್ತವೆ. ಅವುಗಳಿಂದ ಹೃದಯಾಘಾತಗಳು ಕಡಿಮೆಯಾಗುತ್ತವೆಂಬುದು ಬಹು ಪ್ರಯೋಗಗಳಲ್ಲಿ ಸಿದ್ಧಪಟ್ಟಿದೆ.

ಈಗ ಸಮಂತಭದ್ರ ಸ್ವಾಮಿಗಳ ಮಾತನ್ನು ಮತ್ತೆ ನೆನೆಯಿರಿ. ಫಲ ಅಲ್ಪ, ವಿಘಾತ ಬಹಳ. ಅವರು ಹೃದ್ರೋಗವನ್ನು ಮನಸ್ಸಿನಲ್ಲಿಟ್ಟು ಹೇಳಿದುದಲ್ಲ, ನಿಜ. ಆದರೆ ತೂಗಿ ನೋಡುವ ತಕ್ಕಡಿಯನ್ನು ಅವರು ಕೊಟ್ಟಿದ್ದಾರೆ. ಒಂದು ತಟ್ಟೆಯಲ್ಲಿ ಅನಂತಜೀವಗಳ ಘಾತ, ಇನ್ನೊಂದರಲ್ಲಿ ಬೇರೆ ಉಪಾಯಗಳಿಂದ ಇದಕ್ಕಿಂತ ಹೆಚ್ಚಾಗಿಯೇ ಸಾಧಿಸಬಹುದಾದ ಅಲ್ಪಲಾಭ. “ಪ್ರಾಣಕ್ಕಾಗಿ ಬೇಕೇಬೇಕು” ಎಂಬ ಅನಿವಾರ್ಯತೆಯು ಇಲ್ಲಿ ಇಲ್ಲವೇ ಇಲ್ಲ. ಧರ್ಮವೋ ಪ್ರಾಣವೋ ಎಂಬ ಸಂಕಟವನ್ನು ನಾವೇ ಕಲ್ಪಿಸಿಕೊಂಡು ಕೊರಗುತ್ತಿದ್ದೇವೆ.

ಮದ್ಯ ಮಾಂಸ ಮಧುಗಳನ್ನು ಬಿಟ್ಟೂ ವೈದ್ಯವು ನಡೆಯಬಲ್ಲುದೆಂದು ತೋರಿಸಿದವರು ನಮ್ಮ ಪೂರ್ವಾಚಾರ್ಯರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮಾಂಸವು ಔಷಧವಾಗಿಯೂ ನಿಷ್ಪ್ರಯೋಜಕವೆಂದು ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಪ್ರತಿಪಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಬರೆದ ಕಲ್ಯಾಣಕಾರಕವೂ ಇದೇ ದಾರಿಯನ್ನು ಹಿಡಿದುದು. ರಾಜಸಭೆಯಲ್ಲಿ ನಿಂತು ಪ್ರಮಾಣಪೂರ್ವಕವಾಗಿ ವಾದಿಸಿದವರ ಸಂತತಿಯವರು ನಾವು ಬೆಳ್ಳುಳ್ಳಿಯ ಎದುರಿನಲ್ಲಿ ಉತ್ತರವಿಲ್ಲದೆ ನಿಲ್ಲಬೇಕೆ?

ನಿಯಮದ ಸೂಕ್ಷ್ಮಗಳು

ವ್ರತವೆಂದರೆ ಉದ್ದೇಶಪೂರ್ವಕವಾಗಿ ಮಾಡಿದ ವಿರತಿ ಎಂದು ಸಮಂತಭದ್ರರು ಹೇಳುತ್ತಾರೆ. ಕಾಲಮಿತಿಯಿಂದ ಕೂಡಿದುದು ನಿಯಮ, ಜೀವಾವಧಿಯದು ಯಮ. ಬಹುಮಂದಿ ಶ್ರಾವಕರು ಬೆಳ್ಳುಳ್ಳಿಯನ್ನು ತಿನ್ನದಿರುವುದು ಮನೆತನದ ಆಚಾರದಿಂದ. ಸಂಕಲ್ಪ ಮಾಡಿ ಬಿಟ್ಟವರು ಕಡಿಮೆ. ಚಾತುರ್ಮಾಸ್ಯಕ್ಕೆ ಮಾತ್ರ ಬಿಡುವವರೂ ಇದ್ದಾರೆ. ಯಾರ ತ್ಯಾಗವು ಯಾವ ಬಗೆಯದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೆಲವರು ನಿಯಮ ತೆಗೆದುಕೊಳ್ಳುವಾಗಲೇ ‘ಔಷಧವನ್ನು ಬಿಟ್ಟು’ ಎಂದು ಹೇಳಿರುತ್ತಾರೆ. ಅಂತಹವರಿಗೆ ವ್ರತಭಂಗದ ಮಾತಿಲ್ಲ. ಆದರೂ ಆ ವಿನಾಯಿತಿಯು ಗತ್ಯಂತರವಿಲ್ಲದ ಔಷಧಕ್ಕೆ; ಅಂಗಡಿಯವನು ಹೊಗಳಿ ಕೊಟ್ಟ ಶೀಶೆಗೆ ಅಲ್ಲ.

ಇನ್ನು ಅಡಗಿಸಿ ತಿನ್ನಿಸುವ ವಿಚಾರ. ಇದಕ್ಕೆ ನನ್ನ ಉತ್ತರವು ಖಂಡಿತವಾಗಿದೆ: ಕೂಡದು. ತಿಳಿಯದೆ ತಿಂದ ಹಿರಿಯರಿಗೆ ವ್ರತಭಂಗದ ಉದ್ದೇಶವಿರಲಿಲ್ಲವಾದುದರಿಂದ ಅವರ ಮೇಲೆ ಆ ದೋಷವನ್ನು ಹೊರಿಸುವಂತಿಲ್ಲ. ಬಡಿಸಿದವರ ಮೇಲಾದರೋ ಕೃತ ಕಾರಿತಗಳೆರಡರ ದೋಷವೂ, ಅದರೊಡನೆ ವಂಚನೆಯ ದೋಷವೂ ಬೀಳುತ್ತದೆ. ಮುಂದೆ ಎಂದಾದರೂ ಅವರಿಗೆ ತಿಳಿದುಬಂದರೆ ಆಗುವ ನೋವನ್ನು ಯೋಚಿಸಿ. ನಲವತ್ತು ವರ್ಷ ಕಾಪಾಡಿಕೊಂಡು ಬಂದುದನ್ನು ತನ್ನ ಮನೆಯ ಅನ್ನವೇ ಕೆಡಿಸಿತೆಂದು ತಿಳಿದ ವೃದ್ಧನು ಆ ಮೇಲೆ ಯಾರ ಕೈಯ ತುತ್ತನ್ನು ನಂಬಿ ಉಂಡಾನು? ಇದರಲ್ಲಿ ವೈದ್ಯಕೀಯವಾದ ಅಪಾಯವೂ ಒಂದಿದೆ. ಅದು ಮನೆಯವರಿಗೆ ತಿಳಿದಿರುವುದಿಲ್ಲ. ಹೃದ್ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೊದಲಾದುವನ್ನು ಕೊಟ್ಟಿರುತ್ತಾರೆ. ಬೆಳ್ಳುಳ್ಳಿಯನ್ನು, ಅದರಲ್ಲಿಯೂ ಅದರ ಸಾರದ ಗುಳಿಗೆಗಳನ್ನು, ಇವುಗಳ ಮೇಲೆ ಸೇರಿಸಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ವೈದ್ಯರು “ಬೇರೆ ಏನಾದರೂ ತೆಗೆದುಕೊಳ್ಳುತ್ತಿರುವಿರಾ?” ಎಂದು ಕೇಳಿದಾಗ ರೋಗಿಯು ನಿಜವಾಗಿಯೂ ತಿಳಿಯದೆ “ಇಲ್ಲ” ಎನ್ನುತ್ತಾನೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಆ ಉತ್ತರವು ಅಪಾಯಕರ.

ಜೇನಿನಲ್ಲಿ ನೆನೆಹಾಕಿದ ಬೆಳ್ಳುಳ್ಳಿಯೆಂಬ ಮದ್ದನ್ನು ಕೆಲವರು ಹೊಗಳುತ್ತಾರೆ. ಜೇನು ಮೂರು ಮಕಾರಗಳಲ್ಲಿ ಒಂದು, ಹೆಚ್ಚು ಹೇಳಬೇಕಾಗಿಲ್ಲ. ಮುತ್ತಿನಂತೆ ಹೊಳೆಯುವ ಬೆಳ್ಳುಳ್ಳಿಯ ಕ್ಯಾಪ್ಸೂಲುಗಳ ಹೊದಿಕೆಯು ಸಾಮಾನ್ಯವಾಗಿ ಜೆಲಾಟಿನ್‌ನದು, ಅಂದರೆ ಪ್ರಾಣಿಗಳ ಮೂಳೆ ಚರ್ಮಗಳನ್ನು ಬೇಯಿಸಿ ತೆಗೆದುದು. ವಾಸನೆಯಿಲ್ಲದುದರಿಂದ ದೋಷವಿಲ್ಲವೆಂದು ಭಾವಿಸಿ ಇದನ್ನು ನುಂಗುವವರು ಒಂದು ಅಭಕ್ಷ್ಯವನ್ನು ಇನ್ನೊಂದು ಅಭಕ್ಷ್ಯದಲ್ಲಿ ಸುತ್ತಿ ನುಂಗುತ್ತಿದ್ದಾರೆ.

ಮಾಡಬೇಕಾದುದೇನು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಸಾಯಿನಾನಿಯವರ ಮೂರನೆಯ ಗುಂಪಿನ 208 ಎಂಬ ಅಂಕಿಯು ನಮಗೊಂದು ಪ್ರಶ್ನೆಯನ್ನು ಉಳಿಸಿಯೇ ಇದೆ. ಬೆಳ್ಳುಳ್ಳಿಯನ್ನು ಬಿಟ್ಟ ಅಡಿಗೆಯು ತಾನಾಗಿಯೇ ಹೃದಯಕ್ಕೆ ಹಿತವಾದ ಅಡಿಗೆಯಾಗುವುದಿಲ್ಲ. ನಮ್ಮ ಮನೆಗಳ ಪರ್ವದಿನದ ಎಲೆಯನ್ನು ನೋಡಿ. ಹಸುರು ತರಕಾರಿ ಇರದು. ಅದರ ಬದಲಿಗೆ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ. ಕಂದಮೂಲವಿಲ್ಲದುದು ಸರಿ, ಆದರೆ ಉಪ್ಪು ಎಷ್ಟು? ಎಣ್ಣೆ ಎಷ್ಟು? ದಿನಕ್ಕೆ ಒಬ್ಬನಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದು ಒಂದು ಸಣ್ಣ ಚಮಚೆಯಷ್ಟು, ಸಾರು ಪಲ್ಯ ಮಜ್ಜಿಗೆ ಎಲ್ಲವೂ ಸೇರಿ. ಹಪ್ಪಳದಲ್ಲಿ ಉಪ್ಪಲ್ಲದೆ ಹಪ್ಪಳಖಾರದ ಸೋಡಿಯಮ್ಮೂ ಸೇರುತ್ತದೆ. ರಕ್ತದೊತ್ತಡದ ರೋಗಿಯು ಉಪ್ಪನ್ನು ತಗ್ಗಿಸಿದರೆ ಬೆಳ್ಳುಳ್ಳಿಯಿಂದ ಆಗಬಹುದಾದ ಇಳಿಕೆಯನ್ನು ಅಡಿಗೆಮನೆಯಲ್ಲಿಯೇ ಪಡೆಯಬಹುದು.

ಇಲ್ಲಿ ರಸಪರಿತ್ಯಾಗವೆಂಬ ತಪಸ್ಸು ನಮ್ಮ ನೆರವಿಗೆ ಬರುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ, ಉಪ್ಪು ಇವು ಷಡ್ರಸಗಳು. ವಾರದಲ್ಲಿ ಒಂದು ದಿನ ಉಪ್ಪನ್ನೂ ಒಂದು ದಿನ ತುಪ್ಪವನ್ನೂ ಒಂದು ದಿನ ಎಣ್ಣೆಯನ್ನೂ ಬಿಡುವ ಪದ್ಧತಿಯನ್ನು ಹಿಂದಿನವರು ಇಟ್ಟುಕೊಂಡಿದ್ದರು. ಅವರ ಗುರಿ ಇಂದ್ರಿಯಜಯ, ಕರ್ಮನಿರ್ಜರೆ, ಹೃದಯದ ಆರೋಗ್ಯವಲ್ಲ. ಆದರೂ ಆ ಪದ್ಧತಿಯನ್ನು ನಿಜವಾಗಿ ಆಚರಿಸುವ ಮನೆಗೆ ವೈದ್ಯರು ಹೊಸದಾಗಿ ಹೇಳಬೇಕಾದುದು ಕಡಿಮೆ. ತುಪ್ಪ ಬಿಟ್ಟ ದಿನ ಎಣ್ಣೆಯಲ್ಲಿ ಕರಿದುದನ್ನು ಇಮ್ಮಡಿ ತಿಂದರೆ ಮಾತ್ರ ಎರಡೂ ಲಾಭಗಳು ಹೋಗುತ್ತವೆ.

ತಿನ್ನಬೇಕಾದ ವಸ್ತುಗಳಿಗೂ ಕೊರತೆಯಿಲ್ಲ. ಜವೆಗೋಧಿ ಮತ್ತು ಓಟ್ಸ್ ಧಾನ್ಯಗಳಲ್ಲಿ ಬೀಟಾಗ್ಲೂಕನ್ ಎಂಬ ಲೋಳೆಯಂತಹ ನಾರಿದೆ. ದಿನಕ್ಕೆ 3 ಗ್ರಾಮಿನಷ್ಟು ಅದು ಹೊಟ್ಟೆಗೆ ಸೇರಿದರೆ ಎಲ್‌ಡಿಎಲ್ ಇಳಿಯುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಜವೆಗೋಧಿಯ ಗಂಜಿಯು ನಮ್ಮ ಅಜ್ಜಿಯರಿಗೆ ಹೊಸದೇನೂ ಅಲ್ಲ. ಮೆಂತ್ಯದಲ್ಲಿಯೂ ಲೋಳೆನಾರು ಹೇರಳವಾಗಿದೆ. ಹೆಸರು, ಕಡಲೆ, ತೊಗರಿ ಮೊದಲಾದ ಕಾಳುಗಳು, ಬಾದಾಮಿ, ಅಕ್ರೋಟು ಇವೆಲ್ಲ ನಿರ್ದೋಷವಾದುವು. ಹುಳು ಬೀಳದಂತೆ ಶೋಧಿಸಿ, ಮರ್ಯಾದೆಯ ಕಾಲವನ್ನು ನೋಡಿ ಬಳಸಬೇಕು. ಒಗ್ಗರಣೆಗೆ ಇಂಗು ಸಾಲದೆ? ನಮ್ಮ ತಾಯಂದಿರು ಇಂಗು ಜೀರಿಗೆಯಲ್ಲಿಯೇ ಅಡಿಗೆಗೆ ರುಚಿ ತಂದವರು. ಪೊಟ್ಟಣದ ಇಂಗಿನಲ್ಲಿ ಹಿಟ್ಟು ಬೆರೆತಿರುವುದುಂಟು, ಆದುದರಿಂದ ಅದರ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಸಂಜೆಯ ಊಟವನ್ನು ಸೂರ್ಯಾಸ್ತಕ್ಕೆ ಮೊದಲು ಮುಗಿಸುವ ನಮ್ಮವರಿಗೆ ಒಂದು ಅನುಕೂಲವಿದೆ. ಊಟದ ಮೇಲೆ ಅರ್ಧ ಗಂಟೆ ನಡೆಯಲು ಬೆಳಕಿನಲ್ಲಿಯೇ ಹೊತ್ತು ಸಿಗುತ್ತದೆ. ತಂಬಾಕು, ನಸ್ಯ, ಗುಟಖಾಗಳನ್ನು ಬಾಯಲ್ಲಿಟ್ಟುಕೊಂಡು ಬೆಳ್ಳುಳ್ಳಿಯ ದೋಷವನ್ನು ಚರ್ಚಿಸುವವರನ್ನೂ ಬಸದಿಯ ಜಗಲಿಗಳಲ್ಲಿ ಕಾಣಬಹುದು. ಅವರಿಗೆ ಹೇಳುವ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲರ ಮನಸ್ಸಿನಲ್ಲಿಯೂ ಊರಿಸಬೇಕು. ಎದೆಯ ನಡುವೆ ಒತ್ತಿದಂತಹ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರುಗಟ್ಟುವುದು ಇವುಗಳನ್ನು ‘ವಾಯು’ ಎಂದು ತಿಳಿದು ಮನೆಮದ್ದು ಮಾಡುತ್ತ ಕೂರಬಾರದು. ಬೆಳ್ಳುಳ್ಳಿಯನ್ನು ಸುಟ್ಟು ಕೊಡಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಕಳೆದ ಒಂದು ಗಂಟೆಯಲ್ಲಿ ಹೃದಯದ ಮಾಂಸಖಂಡವು ಸಾಯುತ್ತಿರುತ್ತದೆ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯಜ್ಯೋತಿ ಯೋಜನೆಯ ಮೇರೆಗೆ ನಮ್ಮ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ನೋವು ಅಷ್ಟಾಗಿ ಕಾಣದೆ ಕೇವಲ ಆಯಾಸ, ವಾಕರಿಕೆಗಳಾಗಿ ತೋರಬಹುದು. ಉಪವಾಸದ ಸುಸ್ತೆಂದು ಅದನ್ನು ತಳ್ಳಿಹಾಕಬಾರದು.

ಉಪವಾಸವನ್ನು ಮಾಡುವ ಹೃದ್ರೋಗಿಗಳು ತಾವಾಗಿಯೇ ಮಾತ್ರೆಯನ್ನು ನಿಲ್ಲಿಸುವುದೂ ಅಷ್ಟೇ ಅಪಾಯ. ಸ್ಟೆಂಟ್ ಹಾಕಿಸಿಕೊಂಡವರಂತೂ ಹೆಪ್ಪುನಿರೋಧಕ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಮೂತ್ರವನ್ನು ಹೆಚ್ಚಿಸುವ ಮಾತ್ರೆ ನುಂಗುವವರು ನಿರ್ಜಲ ಉಪವಾಸ ಮಾಡಿದರೆ ತಲೆಸುತ್ತಿ ಬೀಳುವ ಸಂಭವವಿದೆ. ಮಧುಮೇಹದ ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ ತೆಗೆದುಕೊಂಡರೆ ರಕ್ತದ ಸಕ್ಕರೆಯು ಕುಸಿಯಬಹುದು. ಶಕ್ತಿಗೆ ಅನುಸಾರವಾಗಿ ತಪಸ್ಸು ಮಾಡಬೇಕೆಂಬುದು ಆಗಮದ ಮಾತೇ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದೇ ಇದೆ. ಉಪವಾಸಕ್ಕೆ ಶಕ್ತಿಯಿಲ್ಲದವರಿಗೆ ಏಕಾಶನವಿದೆ, ಅದೂ ಆಗದವರಿಗೆ ಊನೋದರವಿದೆ. ದಶಲಕ್ಷಣ ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, “ಇಂತಿಂತಹ ದಿನಗಳಲ್ಲಿ ನಾನು ಒಂದೇ ಹೊತ್ತು, ಇಂತಹ ವೇಳೆಗೆ ಊಟ ಮಾಡುತ್ತೇನೆ, ನೀರನ್ನೂ ಆಗಲೇ ಕುಡಿಯುತ್ತೇನೆ” ಎಂದು ಸ್ಪಷ್ಟವಾಗಿ ಹೇಳಬೇಕು. ರಕ್ತದೊತ್ತಡದ ಅನೇಕ ಮಾತ್ರೆಗಳನ್ನು ದಿನಕ್ಕೊಮ್ಮೆಯಂತೆ ಆ ಊಟದೊಡನೆಯೇ ತೆಗೆದುಕೊಳ್ಳುವ ಏರ್ಪಾಡನ್ನು ವೈದ್ಯರು ಮಾಡಿಕೊಡಬಲ್ಲರು. ಕ್ಯಾಪ್ಸೂಲನ್ನು ಬರೆದಿದ್ದರೆ ಅದೇ ಔಷಧವು ಮಾತ್ರೆಯ ರೂಪದಲ್ಲಿ ಉಂಟೇ, ಸಸ್ಯಮೂಲದ ಹೊದಿಕೆಯಲ್ಲಿ ಉಂಟೇ ಎಂದು ಅಲ್ಲಿಯೇ ಕೇಳಬೇಕು. ಔಷಧದಂಗಡಿಯಲ್ಲಿ ಕೇಳಿದರೆ ಅವನು ಇದ್ದುದನ್ನು ಕೊಡುತ್ತಾನೆ. ಬದಲಿಸಿ ಬರೆಯಬಲ್ಲವರು ವೈದ್ಯರು ಮಾತ್ರ.